ಲಾಭ, ಎರಡು, ಮೂರು

ಮನೆ ನಂಬರಿನಲ್ಲಿ, ತಾರೀಖಿನಲ್ಲಿ, ಡಾಕ್ಟರು ಬಿಪಿ ಬರೆದುಕೊಟ್ಟ ಚೀಟಿಯಲ್ಲಿ ಎರಡು ಅಂಕಿಗಳ ನಡುವೆ ಒಂದು ಗೆರೆ ಓರೆಯಾಗಿ ನಿಂತಿರುತ್ತದಲ್ಲ, ಅದನ್ನು ನೀವು ದಿನಾ ನೋಡುತ್ತೀರಿ. ನೋಡುತ್ತೀರಿ ಎಂದೆ, ಗಮನಿಸುತ್ತೀರಿ ಎನ್ನಲಿಲ್ಲ. ಗೋಡೆಯನ್ನು ಯಾರೂ ಗಮನಿಸುವುದಿಲ್ಲ. ಗೋಡೆಯ ಆಚೀಚೆ ಇರುವವರನ್ನು ಮಾತಾಡಿಸಿ ಮುಂದೆ ಹೋಗುತ್ತೇವೆ. ನನಗೆ ಮಾತ್ರ ಆ ಗೆರೆ ಕಂಡ ಕೂಡಲೇ ಕೈ ತುರಿಸುತ್ತದೆ. ಅಲ್ಲಿ ಕತ್ತರಿಸಬೇಕು ಅನಿಸುತ್ತದೆ. ಮದುವೆ ಕಾರ್ಡಿನಲ್ಲಿ ಕಂಡರೂ ಅಷ್ಟೇ, ಅಂಗಡಿಯ ಬೋರ್ಡಿನಲ್ಲಿ ಕಂಡರೂ ಅಷ್ಟೇ. ಇದು ಕಾಯಿಲೆಯಲ್ಲ, ಕಸುಬು.

ಬಳ್ಳಾರಿಯ ಮೋತಿ ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ಕೆಳಗೆ ಜೀನ್ಸ್ ಪ್ಯಾಂಟಿನ ಅಂಗಡಿಯಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಸಿರುಗುಪ್ಪದ ಕಡೆಯ ಅಕ್ಕಿ ಗಿರಣಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇವೆ. ಗಿರಣಿಯ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಜ್ ಇರುತ್ತದೆ. ಲಾರಿ ಹತ್ತಿ ನಿಂತ ಮೇಲೆ ಅದು ಕ್ರಮಸಂಖ್ಯೆ, ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ, ಹೊತ್ತು ಎಲ್ಲವನ್ನೂ ಒಂದೇ ಸಾಲಿನಲ್ಲಿ, ಒಂದೇ ಉಸಿರಿಗೆ ಕಕ್ಕುತ್ತದೆ. ನಡುನಡುವೆ ಆ ಓರೆಗೆರೆ. ಗೆರೆ ಇದ್ದಲ್ಲೆಲ್ಲ ಸಾಲನ್ನು ಕತ್ತರಿಸಿ, ತುಂಡುಗಳ ತಲೆಯಲ್ಲೂ ಬಾಲದಲ್ಲೂ ಅಂಟಿಕೊಂಡ ಖಾಲಿ ಜಾಗ ಒರೆಸಿ, ಬೇಕಾದ ಅಂಕಿಯನ್ನು ಹೊರತೆಗೆಯುವುದು ನನ್ನ ಕೆಲಸ. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಆ ಸಾಲಿನಲ್ಲಿರುವುದು ಇನ್ನೂ ಅಂಕಿಯಲ್ಲ, ಅಂಕಿಯ ಚಿತ್ರ. ಅದನ್ನು ಹಾಗೆಯೇ ಬಿಟ್ಟು ಹತ್ತಕ್ಕೆ ಇಪ್ಪತ್ತು ಕೂಡಿಸು ಎಂದರೆ ಕಂಪ್ಯೂಟರ್ ಮೂವತ್ತು ಕೊಡುವುದಿಲ್ಲ. ಒಂದು ಚಿತ್ರದ ಪಕ್ಕಕ್ಕೆ ಇನ್ನೊಂದನ್ನು ಅಂಟಿಸಿ ಸಾವಿರದ ಇಪ್ಪತ್ತು ಎಂದು ಮುಂದಿಡುತ್ತದೆ. ಚಿತ್ರವನ್ನು ಅಂಕಿ ಮಾಡಬೇಕು. ಮಾಡಲಾಗದ್ದು ಸಿಕ್ಕರೆ ಏನು ಮಾಡಬೇಕೆಂದು ಮೊದಲೇ ಹೇಳಿಟ್ಟಿರಬೇಕು.

ಈ ಕೊನೆಯ ಮಾತಿಗಾಗಿ ನನಗೂ ನಮ್ಮ ಕಚೇರಿಯ ಸಾದಿಕನಿಗೂ ಒಂದು ಇಡೀ ಮಧ್ಯಾಹ್ನ ಜಗಳವಾಗಿತ್ತು. ಕರೆಂಟು ಏರುಪೇರಾದಾಗ ವೇಬ್ರಿಜ್ ಏನೇನೋ ಕಸ ಬರೆಯುತ್ತದೆ. ಅಂಕಿ ಇರಬೇಕಾದ ಕಡೆ ಅಂಕಿ ಇಲ್ಲದಿದ್ದರೆ ಸೊನ್ನೆ ಹಾಕೋಣ ಎಂದು ಅವನ ವಾದ. ಸೊನ್ನೆ ಎಂದರೆ ಸುಮ್ಮನಿರುವುದಲ್ಲ, ಅದೂ ಒಂದು ಹೇಳಿಕೆ ಎಂದು ನನ್ನ ವಾದ. ತೂಗಿದೆ, ಏನೂ ಇರಲಿಲ್ಲ ಎನ್ನುವುದಕ್ಕೂ ತೂಗಲೇ ಇಲ್ಲ ಎನ್ನುವುದಕ್ಕೂ ವ್ಯತ್ಯಾಸ ಇಲ್ಲವೇ? ಕ್ರಮಸಂಖ್ಯೆಯ ಜಾಗದಲ್ಲೇ ಅಂಕಿ ಇಲ್ಲವೆಂದರೆ ಆ ಸಾಲು ಇಡಿಯಾಗಿ ಕಸ, ಇಡಿಯಾಗಿ ಎಸೆಯಬೇಕು ಎಂದೆ. ಸಾದಿಕ್ ಕೊನೆಗೆ ಎರಡೂ ಕೈ ಜೋಡಿಸಿದ. "ಖರೆ ಐತಿ ನನ ತಾಯಿ. ಒಗೀ ಅತ್ಲಾಗ. ಚಾ ಆರಿ ನೀರಾತು." ಸೋತವನಿಗೆ ಚಹಾ ಕೊಡಿಸುವ ದೊಡ್ಡಗುಣ ನನಗಿದೆ, ಅವತ್ತೂ ಕೊಡಿಸಿದೆ.

ವಾದದ ಈ ಚಟ ಶಾಲೆಯಿಂದ ಬಂದದ್ದು. ಎಂಟನೇ ಇಯತ್ತೆಯಲ್ಲಿ ಒಬ್ಬ ಮೇಷ್ಟ್ರು ನನ್ನನ್ನು ಚರ್ಚಾಸ್ಪರ್ಧೆಗೆ ಹಚ್ಚಿದರು. ವಿಷಯದ ಪರ ಮಾತಾಡಿಸಿ, ನಾನು ಆವೇಶದಲ್ಲಿ ಕೆಂಪಗಾಗಿರುವಾಗಲೇ ನಿಲ್ಲಿಸಿ, ಈಗ ವಿರೋಧ ಮಾತಾಡು ಎನ್ನುತ್ತಿದ್ದರು. ಅಂಕಿ ಹೇಳದವನನ್ನು ಅಂಕಿ ಕೇಳು, ಅಂಕಿ ಹೇಳಿದವನನ್ನು ಎಲ್ಲಿಂದ ತಂದೆ ಎಂದು ಕೇಳು ಎಂಬುದು ಅವರ ಪಾಠ. ಇದನ್ನು ನಾನು ವೇದಿಕೆಯಲ್ಲಿ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ಮನೆಗೆ ಬಂದ ನೆಂಟರು ಹುಡುಗಿಗೆ ಎಷ್ಟು ವಯಸ್ಸು ಎಂದರೆ, ತಿಳಿದು ಏನು ಮಾಡುತ್ತೀರಿ ಎಂದು ಕೇಳುತ್ತಿದ್ದೆ. ಗೆದ್ದ ಕಪ್ಪುಗಳು ಅವ್ವನ ಶೋಕೇಸಿನಲ್ಲಿವೆ. ಒಂದರಲ್ಲಿ ಗುಂಡುಸೂಜಿ, ಒಂದರಲ್ಲಿ ಹಳೆಯ ಕೀಲಿಕೈಗಳು. ಉಳಿದವು ಯಾಕೆ ಖಾಲಿ ಇವೆ ಎಂದು ಅವ್ವನಿಗೆ ಈಗಲೂ ಬೇಸರ.

ಕಪ್ಪುಗಳ ಬಗ್ಗೆ ನಿಜವಾದ ಆಸಕ್ತಿ ಇದ್ದದ್ದು ತಾತನಿಗೆ, ಅವ್ವನ ಅಪ್ಪನಿಗೆ. ಅವನದು ಕುರುಗೋಡು. ನನ್ನನ್ನು ಲಾಯರಮ್ಮ ಎನ್ನುತ್ತಿದ್ದ. ಕಾಲೇಜಿನಲ್ಲಿದ್ದಾಗ ಬಳ್ಳಾರಿಯ ಹೆಸರಿನ ಬಗ್ಗೆ ಒಂದು ಚರ್ಚೆಯಿತ್ತು. ಬಳ್ಳ ಎಂದರೆ ಕಾಳು ಅಳೆಯುವ ಪಾತ್ರೆ. ಊರೂರು ತಿರುಗುವ ವ್ಯಾಪಾರಿಗಳು ಪೂಜೆಗೆ ಲಿಂಗ ಸಿಗದೆ ತಮ್ಮ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರು, ಅದೇ ಬಳ್ಳೇಶ್ವರನಾಗಿ ಊರಿಗೆ ಹೆಸರು ಬಂತು ಎಂಬುದು ನಮ್ಮಲ್ಲಿ ಎಲ್ಲರೂ ಕೇಳಿರುವ ಕತೆ. ಅದನ್ನು ನಾನು ವೇದಿಕೆಯ ಮೇಲೆ ಕಂತು ಕಂತಾಗಿ ಒಡೆದು ಹಾಕಿದ್ದೆ. ಸಾಕ್ಷಿ ಎಲ್ಲಿ, ಕಂಡವರು ಯಾರು, ಬರೆದಿಟ್ಟವರು ಯಾರು? ಈ ಪರಾಕ್ರಮವನ್ನು ತಾತನಿಗೆ ವರದಿ ಮಾಡಿದಾಗ ಅವನು ಪೂರ್ತಿ ಕೇಳಿದ. ಬದುಕಿಡೀ ಸೇರು, ಬಳ್ಳ ಹಿಡಿದವನು ಏನಾದರೂ ನೊಂದುಕೊಂಡಾನೆಂದು ನಾನು ಕಾಯುತ್ತಿದ್ದೆ. ಕಪ್ಪು ಕೊಟ್ಟರೋ ಇಲ್ಲವೋ ಎಂದಷ್ಟೇ ಕೇಳಿದ.

ಹೌದು, ತಾತ ಅಳತೆಗಾರನಾಗಿದ್ದ. ಎಲ್ಲ ಕಡೆ ತೂಕದ ಯಂತ್ರ ಬರುವ ಮುಂಚೆ ಸಿರುಗುಪ್ಪ, ಬಾದನಹಟ್ಟಿ, ಕುರುಗೋಡಿನ ಸುತ್ತ ಯಾರ ಕಣದಲ್ಲಿ ರಾಶಿ ಬಿದ್ದರೂ ಅಳೆಯಲು ಅವನನ್ನು ಕರೆಯುತ್ತಿದ್ದರು. ರಜೆಗೆ ಹೋದಾಗ ನನ್ನನ್ನೂ ಕರೆದೊಯ್ಯುತ್ತಿದ್ದ. ಗೋಣಿಚೀಲದ ವಾಸನೆ, ಕತ್ತಿನ ಹಿಂದೆ ಸೇರಿಕೊಂಡು ಸಂಜೆವರೆಗೂ ಕಡಿಯುವ ಹೊಟ್ಟು, ರಾಶಿಯ ಬುಡದಲ್ಲಿ ಕಾಲು ಹೂತರೆ ಒಳಗಿನ ಬಿಸಿ. ತಾತ ಮಂಡಿಯೂರಿ ಕೂತು ಸೇರನ್ನು ರಾಶಿಗೆ ಒತ್ತಿ ತುಂಬಿ ಚೀಲಕ್ಕೆ ಸುರಿಯುತ್ತ ಎಣಿಸುವುದು ಹಾಡಿನ ಹಾಗಿರುತ್ತಿತ್ತು. ಎಣಿಕೆ ತಪ್ಪದಿರಲೆಂದು ಮುಂದಿನ ಸೇರು ತುಂಬುವವರೆಗೂ ಹಿಂದಿನದನ್ನೇ ಹೇಳುತ್ತಿರಬೇಕು. ಎರಡೂ, ಎರಡ, ಎರಡೂ. ಮೂರೂ, ಮೂರ, ಮೂರೂ. ಆದರೆ ಮೊದಲ ಸೇರಿಗೆ ಅವನು ಒಂದು ಎನ್ನುತ್ತಿರಲಿಲ್ಲ. ಲಾಭ ಎನ್ನುತ್ತಿದ್ದ. ಲಾಭಾ, ಲಾಭ, ಲಾಭಾ. ಅಳೆಯುವವರೆಲ್ಲ ಹಾಗೇ ಅನ್ನುವುದು, ಗಡಿಯಾಚೆಯ ತೆಲುಗಿನವರೂ ಕೂಡ. ನಾನು ಬೇಕೆಂದೇ ಪಕ್ಕದಿಂದ ಒಂದು ಎಂದು ಕೂಗಿದರೆ ರಾಶಿಯ ಒಡೆಯರು ಗೋಣಿಚೀಲ ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ತಾತ ಮಾತ್ರ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಎಣಿಕೆ ತಪ್ಪುತ್ತದೆ.

ದೊಡ್ಡವಳಾದ ಮೇಲೆ ಇದರ ಕಾರಣ ಹುಡುಕಿದೆ. ಒಂದು ಎಂದರೆ ಒಂಟಿ, ಅದು ಅಪಶಕುನ ಎಂದರು ಒಬ್ಬರು. ಹಾಗಾದರೆ ಮದುವೆಯಲ್ಲಿ ಮುಯ್ಯಿಗೆ ಒಂದು ರೂಪಾಯಿ ಸೇರಿಸುವುದು ಯಾಕೆ ಎಂದೆ. ಲಕ್ಷ್ಮಿಯನ್ನು ಎಣಿಸಬಾರದು ಎಂದರು ಇನ್ನೊಬ್ಬರು. ಎರಡರಿಂದ ಮುಂದೆ ಎಣಿಸಬಹುದೇ ಎಂದೆ. ಯಾರೂ ನನ್ನ ಜೊತೆ ಎರಡನೇ ಸಲ ಮಾತಿಗೆ ಬರಲಿಲ್ಲ. ನಾನು ಅದನ್ನು ಗೆಲುವೆಂದು ಬರೆದುಕೊಂಡೆ.

ಇಷ್ಟು ಸುತ್ತಿ ಬಂದದ್ದಕ್ಕೆ ಕಾರಣವಿದೆ. ತಾತನ ಕಿಡ್ನಿ ಸೋತವು.

ಮೊದಮೊದಲು ಬಳ್ಳಾರಿಯ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿದರು. ತೋಳಿಗೆ ದಪ್ಪ ಸೂಜಿ ಚುಚ್ಚಿ, ರಕ್ತ ಹೊರಗೆ ಎಳೆದು, ತೊಳೆದು, ಒಳಗೆ ಬಿಡುವುದು. ನಾಲ್ಕು ತಾಸು ಮಲಗಿ ಎದ್ದವನು ಹಿಂಡಿ ಹಾಕಿದ ಪಂಚೆಯ ಹಾಗಾಗುತ್ತಿದ್ದ. ಕುರುಗೋಡಿಗೆ ಹೋಗಿ ಬಿದ್ದುಕೊಂಡರೆ ಮರುದಿನ ಸಂಜೆಗೆ ಕಣ್ಣು ಬಿಡುವುದು. ಅದರ ಮರುದಿನ ಮತ್ತೆ ಬಸ್ಸು. ಜೊತೆಗೆ ಹೃದಯವೂ ಬಲವಾಗಿರಲಿಲ್ಲ. ಯಂತ್ರದ ಎಳೆತ ಅದಕ್ಕೆ ಒಗ್ಗದು ಎಂದು ಡಾಕ್ಟರು ಕಂಡುಕೊಂಡು, ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ವ್ಯವಸ್ಥೆ ಮಾಡಿದರು. ಹೊಟ್ಟೆಗೆ ಒಂದು ಸಣ್ಣ ನಳಿಕೆ. ಅದರಿಂದ ಎರಡು ಲೀಟರ್ ಔಷಧದ ನೀರನ್ನು ಒಳಗೆ ಬಿಟ್ಟು, ಕೆಲವು ತಾಸು ಕಾದು, ಇನ್ನೊಂದು ಚೀಲಕ್ಕೆ ಇಳಿಸಿಕೊಳ್ಳಬೇಕು. ದಿನಕ್ಕೆ ಮೂರು ಸಲ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಹೆಚ್ಚಿರಬೇಕು. ಆ ಹೆಚ್ಚುವರಿ ನೀರು ಮೈಯೊಳಗೆ ಉಳಿದರೆ ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಹೊರಬಂದದ್ದನ್ನು ಪ್ರತಿ ಸಲ ತೂಗಿ ಬರೆದು ಕಳಿಸಬೇಕು, ಆ ಲೆಕ್ಕ ಸರಿ ಇರುವ ತನಕ ಮಾತ್ರ ಮನೆಯಲ್ಲಿ, ಇಲ್ಲವಾದರೆ ಮತ್ತೆ ಆಸ್ಪತ್ರೆಯ ಯಂತ್ರ ಎಂದು ಡಾಕ್ಟರು ಷರತ್ತು ಹಾಕಿದರು.

ತಾತ ಬೇರೆ ಮನುಷ್ಯನಾದ. ಬೆಳಿಗ್ಗೆಯ ಚೀಲ ಮುಗಿಸಿ ಅಂಗಿ ಹಾಕಿಕೊಂಡು ಮಾರ್ಕೆಟ್ಟಿನ ಕಟ್ಟೆಗೆ ಹೋಗಿ ಕೂರುತ್ತಿದ್ದ. ಹೊಟ್ಟೆಯೊಳಗೆ ಎರಡು ಲೀಟರ್ ನೀರಿಟ್ಟುಕೊಂಡು ಹಳೆಯ ಹಮಾಲರ ಜೊತೆ ರಾಜಕೀಯ ಮಾತಾಡುತ್ತಿದ್ದ. ಯಾರದಾದರೂ ಮನೆಯಲ್ಲಿ ರಾಶಿ ಪೂಜೆಯಿದ್ದರೆ ಶಾಸ್ತ್ರಕ್ಕೆ ಮೊದಲ ಸೇರು ಅಳೆಯಲು ಇವನನ್ನೇ ಕರೆಯುವುದೂ ಮತ್ತೆ ಶುರುವಾಯಿತು. "ಆ ಮಿಷನ್ನಿನ್ಯಾಗ ವಾರದಾಗ ನನಗಂತ ಒಂದ ದಿನಾನೂ ಉಳೀತಿದ್ದಿಲ್ಲ," ಎಂದು ಒಮ್ಮೆ ಹೇಳಿದ. "ಈಗ ನಾ ಇದ್ದಂಗ ಅದೀನಿ."

ಅವನು ಇದ್ದ ಹಾಗೇ ಇರಬೇಕಾದರೆ ಅಂಕಿ ಸರಿಯಿರಬೇಕು. ಆ ಜವಾಬ್ದಾರಿ ನನ್ನ ಮೇಲೆ ಬಂತು. ಅತ್ತೆ, ಅಂದರೆ ನನ್ನ ಸೋದರಮಾವನ ಹೆಂಡತಿ, ಚೀಲವನ್ನು ಗೋಡೆಯ ಮೊಳೆಗೆ ತೂಗುಬಿಟ್ಟ ಕೊಕ್ಕೆ ತಕ್ಕಡಿಗೆ ಹಾಕಿ ತೂಗಿ, ಎಷ್ಟನೆಯದು, ಒಳಗೆ ಎಷ್ಟು, ಹೊರಗೆ ಎಷ್ಟು ಎಂದು ನಡುವೆ ಗೆರೆ ಹಾಕಿ ನನಗೆ ಮೆಸೇಜು ಮಾಡುವುದು. ನಾನು ಅವುಗಳನ್ನು ಕತ್ತರಿಸಿ, ಅಂಕಿ ತೆಗೆದು, ಕೂಡಿಸಿ, ತಿಂಗಳ ಹಾಳೆಯನ್ನು ಡಾಕ್ಟರಿಗೆ ಕೊಡುವುದು. ಹೊಸದಾಗಿ ಬರೆಯುವುದೇನಿತ್ತು? ಸಿರುಗುಪ್ಪದ ಲಾರಿಗಳಿಗೆ ಬರೆದ ಪ್ರೋಗ್ರಾಮನ್ನೇ ತಾತನ ಹೊಟ್ಟೆಗೂ ಹಚ್ಚಿದೆ. ತುಂಬಿದ ತೂಕ, ಖಾಲಿ ತೂಕ. ಲೆಕ್ಕವೂ ಹೆಚ್ಚುಕಡಿಮೆ ಅದೇ.

ಕೆಲವು ತಿಂಗಳು ಸರಿಯಾಗಿ ನಡೆಯಿತು. ಆಮೇಲೆ ಒಂದು ತಿಂಗಳ ಹಾಳೆಯಲ್ಲಿ ಹೊರಬಂದ ನೀರಿನ ಗ್ರಾಫಿನ ಗೆರೆ ದಿಢೀರನೆ ಕೆಳಗಿಳಿಯಿತು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ಹೊಟ್ಟೆಯ ಒಳಪದರ ದಣಿದಿರಬೇಕು, ನಳಿಕೆ ತೆಗೆದು ಮತ್ತೆ ಯಂತ್ರಕ್ಕೆ ಹಾಕಬೇಕಾಗುತ್ತದೆ ಎಂದರು. ತಾತ ಮೇಜಿನ ಅಂಚನ್ನು ಹಿಡಿದುಕೊಂಡ. ಅವನ ಕಾಲಬೆರಳುಗಳು ಚಪ್ಪಲಿಯೊಳಗೆ ಮುದುಡಿದ್ದನ್ನು ನಾನು ನೋಡಿದೆ. ಡಾಕ್ಟರೂ ನೋಡಿರಬೇಕು. ಬಗ್ಗಿ ಅವನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ನೀರು ತುಂಬಿದ್ದರೆ ಬೀಳುವ ಗುಳಿ ಬೀಳಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೂಕ ಏರಿರಲಿಲ್ಲ. ಕಾಗದ ಹೇಳುತ್ತಿರುವುದು ಕಾಲಿನಲ್ಲಿ ಕಾಣುತ್ತಿಲ್ಲವಲ್ಲ ಎಂದು, ನೇರ ತಾತನನ್ನೇ ನಿನ್ನೆಯ ಲೆಕ್ಕ ಕೇಳಿದರು.

ತಾತ ಕಣ್ಣು ಮುಚ್ಚಿ ಒಪ್ಪಿಸಿದ. "ಲಾಭ, ಒಳಗ ಎರಡು ಸಾವಿರ, ಹೊರಗ ಎರಡು ಸಾವಿರದ ಮುನ್ನೂರು. ಎರಡು, ಒಳಗ ಎರಡು ಸಾವಿರ, ಹೊರಗ ಎರಡು ಸಾವಿರದ ಇನ್ನೂರು. ಮೂರು..."

"ಲಾಭ ಅಂದ್ರೇನ್ರೀ ಯಜಮಾನ್ರೇ?"

"ಮೊದಲ್ನೇದ್ರೀ."

ಹಾಳೆಯಲ್ಲಿ ದಿನಕ್ಕೆ ಎರಡೇ ಸಾಲು ಇದ್ದವು.

ಆ ತಿಂಗಳು ಅತ್ತೆಗೆ ಕೆಲಸ ಹೆಚ್ಚೆಂದು ಮೆಸೇಜು ಮಾಡುವುದನ್ನು ತಾತನೇ ವಹಿಸಿಕೊಂಡಿದ್ದನಂತೆ. ಫೋನಿನಲ್ಲಿ ಲ ಒತ್ತಿದರೆ ಸಾಕಂತೆ, ಮುಂದಿನದನ್ನು ಅದೇ ತೋರಿಸುತ್ತದಂತೆ. ನನ್ನ ಪ್ರೋಗ್ರಾಂ ಕ್ರಮಸಂಖ್ಯೆಯ ಜಾಗದಲ್ಲಿ ಅಂಕಿ ಕಾಣದೆ, ಕರೆಂಟು ಏರುಪೇರಾದ ವೇಬ್ರಿಜ್ಜಿನ ಕಸದ ಹಾಗೆ, ದಿನದಿನದ ಮೊದಲ ಚೀಲವನ್ನು ಇಡಿಯಾಗಿ ಎಸೆದಿತ್ತು. ಡಾಕ್ಟರಿಗೆ ಇದನ್ನು ವಿವರಿಸುವಾಗ ನನ್ನ ನಾಲಗೆ ಎಂದಿನಂತೆ ಓಡಲಿಲ್ಲ. ಅವರು ನಕ್ಕರು, ಬೈಯಲಿಲ್ಲ. ತಾತ ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ, "ನಾ ಬರದದ್ದು ಅದಕ್ಕ ಓದಾಕ ಬರಲಿಲ್ಲಂತ ನನ್ನ ನಳಿಕಿ ಕೀಳಾಕ ಹೊಂಟಿದ್ರಲ್ಲಲೇ," ಅಂದ.

ವಾಪಸು ಬಸ್ಸಿನಲ್ಲಿ ನಾನು ಚೇತರಿಸಿಕೊಂಡೆ, ಅಂದರೆ ವಾದಕ್ಕೆ ನಿಂತೆ. ಇನ್ನು ಮೇಲೆ ಒಂದು ಎಂದೇ ಬರೆಯಬೇಕು ಎಂದೆ. ಬರೆಯುವುದಿಲ್ಲ ಎಂದ. ಇದು ನೆಲ್ಲಲ್ಲ, ನಿನ್ನ ಹೊಟ್ಟೆಯ ಹೊಲಸು ನೀರು ಎಂದೆ. ಅಳೆಯುವುದು ಅಳೆಯುವುದೇ ಎಂದ. ಕಪ್ಪು ಗೆಲ್ಲಿಸಿಕೊಟ್ಟ ಒಂದು ಪಟ್ಟು ನನ್ನಲ್ಲಿತ್ತು. ಎದುರಾಳಿಯನ್ನು ಅವನ ಬದುಕಿನಿಂದಲೇ ಹೊಡೆಯುವುದು. ಅದನ್ನು ತೆಗೆದೆ.

"ಜೀವಮಾನ ಪೂರ್ತಿ ಲಾಭ, ಲಾಭ ಅಂದಿಯಲ್ಲ ತಾತ. ನಿನ್ನ ಮನ್ಯಾಗ ಯಾವ ರಾಶಿ ಬಿತ್ತು?"

ತಾತ ಕಿಟಕಿಯಾಚೆ ನೋಡುತ್ತಿದ್ದ. ಕಾಲುವೆಯ ಎರಡೂ ಕಡೆ ನೆಲ್ಲು ಹಸಿರಾಗಿತ್ತು.

"ನನ ರಾಶಿ ಎಲ್ಲಿತ್ತಲೇ? ಅಳದವ ನಾನು, ರಾಶಿ ಅವರದು. ಅವರಿಗಂತ ಅಂದದ್ದು ಅದು." ನನ್ನ ಕಡೆ ತಿರುಗಿ, "ಕಪ್ಪು ನಿನಗ ಇರಲಿ. ಬರಿಯೋದು ನಾ ಹಿಂಗ ಬರೀತೀನಿ," ಅಂದ.

ನನ್ನ ನಂಬಿಕೆ ಬದಲಾಯಿತು ಎಂದು ದಯವಿಟ್ಟು ತಿಳಿಯಬೇಡಿ. ಮೊದಲ ಸೇರಿಗೆ ಏನೆಂದು ಕರೆದರೂ ರಾಶಿ ಒಂದು ಕಾಳೂ ಬೆಳೆಯುವುದಿಲ್ಲ. ಇವತ್ತಿಗೂ ಇದನ್ನು ಯಾವ ವೇದಿಕೆಯಲ್ಲಾದರೂ ಹೇಳುತ್ತೇನೆ. ಆದರೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಮೊದಲ ತುಂಡಿನಲ್ಲಿ ಲಾಭ ಎಂದಿದ್ದರೆ ಅದನ್ನು ಒಂದೆಂದು ತಿಳಿ. ಕಂಪ್ಯೂಟರಿಗೆ ಒಂದು ಎಂಬ ಅಂಕಿಯ ಚಿತ್ರವೂ ಅಷ್ಟೇ, ಲಾಭ ಎಂಬ ಅಕ್ಷರದ ಚಿತ್ರವೂ ಅಷ್ಟೇ. ಎರಡನ್ನೂ ನಾವೇ ಕಲಿಸಬೇಕು. ಬಗ್ಗುವುದು ಯಂತ್ರಕ್ಕೆ ಸುಲಭ, ಅದಕ್ಕೆ ಅದೇ ಬಗ್ಗಲಿ. ಸಾದಿಕ್ ಆ ಸಾಲನ್ನು ನೋಡಿ, ಚರ್ಚಾಸ್ಪರ್ಧೆಯ ಚಾಂಪಿಯನ್ನು ಕೋಡಿನೊಳಗೆ ಊದಿನಕಡ್ಡಿ ಹಚ್ಚಿದ್ದಾಳೆ ಎಂದು ಕೆಳಗಿನ ಪ್ಯಾಂಟಿನ ಅಂಗಡಿಯವರಿಗೂ ಸುದ್ದಿ ಮುಟ್ಟಿಸಿದ. ಹಳೆಯ ಮೆಸೇಜುಗಳನ್ನೆಲ್ಲ ಮತ್ತೆ ಓದಿಸಿದೆ. ಬಿದ್ದಿದ್ದ ಗೆರೆ ಎದ್ದು ತನ್ನ ಜಾಗಕ್ಕೆ ಬಂತು. ನಳಿಕೆ ಉಳಿಯಿತು.

ಅಲ್ಲಿಂದ ಮುಂದೆ ಒಂದು ಮಳೆಗಾಲ, ಒಂದು ಚಳಿಗಾಲ. ತಾತನ ಮೆಸೇಜುಗಳು ದಿನವೂ ಬರುತ್ತಿದ್ದವು. ಬೆಳಿಗ್ಗೆ ನಾನು ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಲಾಭ ಬರುತ್ತಿತ್ತು. ಅವನು ಎಂದೂ ಹೇಗಿದ್ದೀ, ಉಂಡೆಯಾ ಎಂದು ಬರೆದವನಲ್ಲ. ನಾನೂ ಕೇಳಿದವಳಲ್ಲ. ಅಂಕಿ ಬಂದರೆ ಅವನು ಎದ್ದಿದ್ದಾನೆ, ಕೂತಿದ್ದಾನೆ, ಕನ್ನಡಕ ಸಿಕ್ಕಿದೆ ಎಂದು ಅರ್ಥ. ಎರಡು ದಿನ ಅವನು ಜ್ವರದಲ್ಲಿ ಮಲಗಿದ್ದಾಗ ಅತ್ತೆಯೇ ಬರೆದಳು. ಅವಳೂ ಲಾಭ ಎಂದೇ ಬರೆದದ್ದು ಕಂಡು ನಾನು ಫೋನು ಹಿಡಿದುಕೊಂಡು ಮೆಟ್ಟಿಲಲ್ಲೇ ನಕ್ಕೆ.

ಬೇಸಿಗೆ ಹತ್ತಿರವಾದಾಗ ಅಂಕಿ ಇಳಿಯತೊಡಗಿತು. ದಿಢೀರನೆ ಅಲ್ಲ. ಮುನ್ನೂರು ಹೆಚ್ಚು ಬರುತ್ತಿದ್ದಲ್ಲಿ ಇನ್ನೂರು, ಆಮೇಲೆ ನೂರು. ಕೆಲವು ದಿನ ಒಳಗೆ ಬಿಟ್ಟಷ್ಟೇ ಹೊರಗೆ. ಅತ್ತೆ ಒಂದು ಬೆಳಿಗ್ಗೆ ಫೋನು ಮಾಡಿ, ಮಾವಾರ ಕಾಲು ಚಪ್ಪಲಿ ಹಿಡಿಯವಲ್ದು ಎಂದಳು. ಡಾಕ್ಟರು ಹೇಳಬೇಕಾದ್ದನ್ನು ಫೋನಿನಲ್ಲೇ ಹೇಳಿದರು. ಈ ಸಲ ಕಾಗದ ಹೇಳಿದ್ದನ್ನೇ ಕಾಲೂ ಹೇಳುತ್ತಿದೆ, ತಡ ಮಾಡಿದರೆ ನೀರು ಎದೆಗೆ ಏರುತ್ತದೆ, ಸೋಮವಾರ ಕರೆದುಕೊಂಡು ಬನ್ನಿ. ಹೃದಯದ ಮಾತೇನು ಎಂದು ನಾನು ಕೇಳಿದೆ. ಅವರು ಅಂಕಿ ಹೇಳಲಿಲ್ಲ. ನಾನು ಅಂಕಿ ಕೇಳಲಿಲ್ಲ.

ಭಾನುವಾರ ಕುರುಗೋಡಿಗೆ ಹೋದೆ. ಬಸ್ಸಿನಲ್ಲಿ ವಾದಗಳನ್ನು ಜೋಡಿಸಿಕೊಂಡೆ. ತಾತ ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆ ಯಂತ್ರಕ್ಕೆ ಹೋಗುವ ಬದಲು ಇಲ್ಲೇ ಇದ್ದಷ್ಟು ದಿನ ಇರುತ್ತೇನೆ ಎಂದು ಅತ್ತೆಯ ಹತ್ತಿರ ಹೇಳಿದ್ದನಂತೆ. ಅತ್ತೆ ಒಗ್ಗರಣಿ ಮಂಡಕ್ಕಿ ತಟ್ಟೆಗೆ ಹಾಕಿ ಕೊಡುತ್ತ ಅಡುಗೆಮನೆಯಲ್ಲೇ ಪಿಸುಗುಟ್ಟಿದಳು. "ನಮ್ಮ ಮಾತು ಕೇಳಂಗಿಲ್ಲವ್ವ. ನೀನ ಏನರ ಹೇಳಿ ಒಪ್ಪಿಸು. ಅಷ್ಟು ಕಪ್ಪು ತಗೊಂಡೀದಿ."

ತಾತ ಹೊರಕೋಣೆಯಲ್ಲಿ ಮಂಚದ ಮೇಲೆ, ಕಾಲು ದಿಂಬಿನ ಮೇಲಿಟ್ಟು ಕೂತಿದ್ದ. ಅವನ ಮುಖ ತುಂಬಿಕೊಂಡು ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿತ್ತು. ಆ ತುಂಬಿಕೆ ಏನೆಂದು ಗೊತ್ತಿಲ್ಲದಿದ್ದರೆ ಸಂತೋಷಪಡಬಹುದಿತ್ತು. ನಾನು ಮೊದಲ ವಾದಕ್ಕೆ ಬಾಯಿ ತೆರೆಯುವ ಮೊದಲೇ ಅವನು ಲ್ಯಾಪ್‌ಟಾಪಿನ ಚೀಲದ ಕಡೆ ಕೈ ತೋರಿಸಿದ.

"ಹಿಂದ ಒಂದ್ಸಲ ನಿನ ಮಿಷನ್ನು ತಪ್ಪು ಓದಿತ್ತಲ್ಲ. ಈ ಸಲಾನೂ ಎಲ್ಯಾರ ತಪ್ಪಿರ್ತತಿ. ನೋಡವ್ವ."

ತಾತ ನನ್ನನ್ನು ಲಾಯರಮ್ಮ ಎನ್ನಲಿಲ್ಲ, ಲೇ ಎನ್ನಲಿಲ್ಲ. ಅವನು ಯಾರ ಬಳಿಯೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಈಗ ಕೇಳುತ್ತಿದ್ದ. ಕೇಳುತ್ತಿದ್ದುದು ಒಂದು ತಪ್ಪನ್ನು.

ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ನೋಡಿ, ತಪ್ಪು ಹುಡುಕುವುದರಲ್ಲಿ ನಾನು ಕ್ರೂರಿ. ಬೇರೆಯವರ ಮಾತಿನಲ್ಲಿ, ಬೇರೆಯವರ ನಂಬಿಕೆಯಲ್ಲಿ, ಬೇರೆಯವರ ಕೋಡಿನಲ್ಲಿ. ನನ್ನದೇ ಕೆಲಸದಲ್ಲಿ ತಪ್ಪಿರಲಿ ಎಂದು ಹಂಬಲಿಸಿ ಹುಡುಕಿದ್ದು ಅದೇ ಮೊದಲು. ಸೊನ್ನೆಯ ಬದಲು ಎಲ್ಲಾದರೂ ಇಂಗ್ಲಿಷಿನ ಓ ಅಕ್ಷರ ಒತ್ತಿದ್ದಾನೆಯೇ? ಇಲ್ಲ. ಕನ್ನಡ ಅಂಕಿ ನುಸುಳಿದೆಯೇ? ಕೆಲವು ಕಡೆ ನುಸುಳಿತ್ತು. ಪ್ರೋಗ್ರಾಂ ಅವನ್ನೂ ಸರಿಯಾಗಿ ಓದಿತ್ತು. ಎರಡು ಗೆರೆ ಒಟ್ಟಿಗೆ ಬಿದ್ದು ತುಂಡುಗಳು ಪಕ್ಕಕ್ಕೆ ಸರಿದಿವೆಯೇ? ಒಂದು ಕಡೆ ಸರಿದಿತ್ತು. ಸರಿಪಡಿಸಿ ಮತ್ತೆ ಕೂಡಿಸಿದೆ. ಆ ಒಂದು ದಿನದ ಅಂಕಿ ಸ್ವಲ್ಪ ಏರಿತು, ತಿಂಗಳ ಗೆರೆ ಅಲುಗಲಿಲ್ಲ. ತಾತ ಮಂಚದಿಂದಲೇ ಜಾಗ ತೋರಿಸುತ್ತಿದ್ದ. ಕರೆಂಟು ಹೋಗಿ ಕತ್ತಲಲ್ಲಿ ತೂಗಿದ ದಿನದ್ದು ನೋಡು ಎಂದ. ನೋಡಿದೆ. ಕನ್ನಡಕ ಒಡೆದಿತ್ತಲ್ಲ, ಆ ವಾರದ್ದು ನೋಡು ಎಂದ. ನೋಡಿದೆ. ಕಡೆಗೆ ತಕ್ಕಡಿಯೇ ಕೆಟ್ಟಿರಬಹುದೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅತ್ತೆಯನ್ನು ಕಳಿಸಿ ಎದುರಿನ ಕಿರಾಣಿ ಅಂಗಡಿಯಿಂದ ಎರಡು ಕಿಲೋ ತೂಕದ ಬಟ್ಟು ತರಿಸಿ ಕೊಕ್ಕೆಗೆ ತೂಗುಬಿಟ್ಟೆವು. ಮುಳ್ಳು ನಡುಗಿ ನಡುಗಿ ಎರಡರ ಮೇಲೆ ಬಂದು ನಿಂತಿತು. ತಾತ ಅದನ್ನೇ ನೋಡುತ್ತಿದ್ದ. ಬದುಕಿನಲ್ಲಿ ಒಮ್ಮೆಯಾದರೂ ಒಂದು ಅಳತೆ ಸುಳ್ಳಾಗಲಿ ಎಂದು ಅವನು ಬೇಡಿಕೊಂಡಿದ್ದರೆ ಅದು ಆಗಲೇ ಇರಬೇಕು.

ಮಂಡಕ್ಕಿ ತಟ್ಟೆಯಲ್ಲೇ ಮೆತ್ತಗಾಗಿತ್ತು. ಹೊರಗೆ ಬಳ್ಳಾರಿಯ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಸುಳ್ಳು ಹೇಳಬೇಕಾಗಿರಲಿಲ್ಲ, ಅನುಮಾನ ಹೇಳಿದರೆ ಸಾಕಿತ್ತು. ಒಂದು ವಾರ ಬೇರೆ ತಕ್ಕಡಿಯಲ್ಲಿ ತೂಗಿ ನೋಡೋಣ ಎನ್ನಬಹುದಿತ್ತು. ಔಷಧದ ಚೀಲದಲ್ಲೇ ಎರಡು ಲೀಟರಿಗಿಂತ ಕಡಿಮೆ ಇರಬಹುದು ಎನ್ನಬಹುದಿತ್ತು. ಯಾವ ಮಾತನ್ನಾದರೂ ಇನ್ನೊಂದು ವಾರ ಎಳೆಯುವ ವಿದ್ಯೆ ನನಗೆ ಗೊತ್ತು, ಅದಕ್ಕೇ ಕಪ್ಪು ಕೊಟ್ಟಿದ್ದಾರೆ. ಆ ವಾರ ಅವನು ಕಟ್ಟೆಗೆ ಹೋಗಿ ಕೂರಬಹುದಿತ್ತು. ನಾನು ಅವನ ಕಾಲಿನ ಕಡೆ ನೋಡಿದೆ. ಕೈ ಚಾಚಿ ಹೆಬ್ಬೆರಳಿನಿಂದ ಒತ್ತಿದೆ. ಬಿದ್ದ ಗುಳಿ ಮೇಲೇಳಲಿಲ್ಲ.

"ತಪ್ಪಿಲ್ಲ ತಾತ."

"ಪೂರ್ತಿ ನೋಡಿದಿ?"

"ಪೂರ್ತಿ ನೋಡೀನಿ."

"ನೀನ ಹುಡುಕಿ ಸಿಗಲಿಲ್ಲಂದ್ರ ಇಲ್ಲ ಬಿಡು," ಅಂದ.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾದಗಳು ಹಾಗೇ ಉಳಿದವು. ಅವನು ಏನಾದರೂ ಎದುರು ಹೇಳಲಿ ಎಂದು ಕಾದೆ. ನಿನಗೇನು ಗೊತ್ತು ಎನ್ನಲಿ, ನಾನು ಬರುವುದಿಲ್ಲ ಎನ್ನಲಿ, ನನ್ನ ಮಾತನ್ನು ಒಮ್ಮೆ ಸೋಲಿಸಲಿ. ತಾತ ದಿಂಬಿನ ಮೇಲಿಂದ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ನೆಲಕ್ಕಿಟ್ಟ. ಒಳಗೆ ಕೇಳುವ ಹಾಗೆ ಅತ್ತೆಯನ್ನು ಕರೆದು, ನಾಳೆ ಬಳ್ಳಾರಿಗೆ ಹೋಗಲು ಒಂದು ಅಂಗಿ ತೆಗೆದಿಡಲು ಹೇಳಿದ.

ಅತ್ತೆ ಬಾಗಿಲಿಗೆ ಬಂದು ನಿಂತು, ಯಾವುದು ಎಂದು ಕೇಳಿದಳು.

"ತೋಳು ಅಗಲ ಇರೋದು ತಗೀ. ಮ್ಯಾಲ ಮಡಚಾಕ ಬರಬೇಕು," ಅಂದ.